ಶುಗರ್ ಇಳಿದ ಮೇಲೆ

1
ಐಸಿಯು ಚಾರ್ಟಿನಲ್ಲಿ ಗಂಟೆಗೊಂದು ಅಡ್ಡಸಾಲು. ಶುಗರ್, ಪೊಟ್ಯಾಸಿಯಂ, ಬೈಕಾರ್ಬೊನೇಟ್, ಪಿಎಚ್, ಉಸಿರು, ನಾಡಿ, ಮೂತ್ರ ಎಷ್ಟು ಬಂತು, ಸಲೈನ್ ಎಷ್ಟು ಹೋಯಿತು, ಇನ್ಸುಲಿನ್ ಎಷ್ಟು ಹೋಯಿತು. ಕೊನೆಯಲ್ಲಿ ಕೀಟೋನ್. ಆರು ಗಂಟೆ ಕಳೆಯುವಷ್ಟರಲ್ಲಿ ಶುಗರ್ ಕಾಲಂ ತುಂಬಿದೆ. ಕೀಟೋನ್ ಕಾಲಂನಲ್ಲಿ ಎರಡೇ ಅಂಕಿ.

2
ಹುಡುಗನಿಗೆ ಹತ್ತೊಂಬತ್ತು ವರ್ಷ, 48 ಕಿಲೋ. ಟೈಪ್ 1 ಡಯಾಬಿಟಿಸ್. ಜ್ವರ ಬಂತು, ವಾಂತಿಯಾಯಿತು, ಊಟ ಸೇರಲಿಲ್ಲ. ಊಟವೇ ಇಲ್ಲದ ಮೇಲೆ ಇನ್ಸುಲಿನ್ ಯಾಕೆಂದು ಮನೆಯವರು ನಿಲ್ಲಿಸಿದರು. ಆಮೇಲೆ ಹೊಟ್ಟೆನೋವು, ಏದುಸಿರು. ಕಾಗದದಲ್ಲಿ ಡಯಾಬಿಟಿಕ್ ಕೀಟೋಅಸಿಡೋಸಿಸ್ ಎಂದು ಬರೆದಿದ್ದಾರೆ. ವಾರ್ಡಿನಲ್ಲಿ ಎಲ್ಲರೂ ಡಿಕೆಎ ಎನ್ನುತ್ತಾರೆ.

3
ಗ್ಲೂಕೋಮೀಟರ್ ಅಂಕಿ ತೋರಿಸಲಿಲ್ಲ. ‘ಎಚ್‌ಐ’ ಎಂಬ ಎರಡು ಅಕ್ಷರ ತೋರಿಸಿತು. 600 ದಾಟಿದರೆ ಹಲವು ಮೀಟರ್‌ಗಳು ಹೀಗೆಯೇ ಮಾಡುತ್ತವೆ. ಲ್ಯಾಬಿನಿಂದ ಆಮೇಲೆ 640 ಎಂದು ಬಂತು.

4
ಉಸಿರು ನಿಮಿಷಕ್ಕೆ 34. ಆಳವಾಗಿದೆ, ಒಂದೇ ಸಮನಾಗಿದೆ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಗೊರಗೊರ ಇಲ್ಲ. ಬೆರಳಿನ ಕ್ಲಿಪ್ಪಿನಲ್ಲಿ ಆಮ್ಲಜನಕ 99. ಗಾಳಿ ಬೇಕಾದಷ್ಟು ಒಳಗೆ ಹೋಗುತ್ತಿದೆ, ಆದರೂ ಸಾಲದು ಎಂಬಂತೆ ಎಳೆಯುತ್ತಾನೆ.

5
ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್ 1874ರಲ್ಲಿ ಈ ಉಸಿರನ್ನೇ ಬರೆದಿಟ್ಟರು. ಅವರನ್ನು ಕಾಡಿದ್ದೂ ಇದೇ: ಗಾಳಿಯ ದಾರಿಯಲ್ಲಿ ಅಡ್ಡಿ ಏನೂ ಇಲ್ಲ, ಎದೆ ಪೂರ್ತಿ ಹಿಗ್ಗುತ್ತದೆ, ಪೂರ್ತಿ ಕುಗ್ಗುತ್ತದೆ, ಆದರೂ ರೋಗಿಗೆ ಗಾಳಿಯ ಹಸಿವು. ಕಾಯಿಲೆ ಶ್ವಾಸಕೋಶದಲ್ಲಿ ಇರಲಿಲ್ಲ. ರಕ್ತ ಹುಳಿಯಾಗಿತ್ತು. ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕಿ ಹುಳಿ ತಗ್ಗಿಸಲು ದೇಹ ಉಸಿರನ್ನು ಬಳಸುತ್ತಿತ್ತು.

6
ಹುಡುಗನ ಪಿಎಚ್ 7.08. ಸರಿಯಾಗಿದ್ದರೆ 7.35ರಿಂದ 7.45. ಬರೆದಾಗ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ.

7
ಬಾಯಿಯ ವಾಸನೆ. ಒಬ್ಬ ಸಿಸ್ಟರ್‌ಗೆ ಬಾಗಿಲಲ್ಲೇ ಗೊತ್ತಾಯಿತು. ಇನ್ನೊಬ್ಬರು ಮುಖದ ಹತ್ತಿರ ಬಗ್ಗಿದರೂ ಏನೂ ಇಲ್ಲ ಎಂದರು. ಅಸಿಟೋನಿನ ವಾಸನೆ ಎಲ್ಲರ ಮೂಗಿಗೂ ಹತ್ತುವುದಿಲ್ಲ.

8
ಕೀಟೋನ್‌ಗಳು ಮೂರು. ಅಸಿಟೋನ್, ಅಸಿಟೋಅಸಿಟೇಟ್, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್. ಸಕ್ಕರೆ ಕಾಯಿಲೆಯವರಲ್ಲಿ ಮೊದಲು ಕಂಡದ್ದು ಅಸಿಟೋನ್: 1857, ಪ್ರಾಗ್, ಪೆಟರ್ಸ್. ಆಮೇಲೆ ಅಸಿಟೋಅಸಿಟೇಟ್: 1865ರಲ್ಲಿ ಗೆರ್‌ಹಾರ್ಟ್ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಕಡುಗೆಂಪಾಯಿತು. ಕೊನೆಗೆ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್: 1884, ಮಿಂಕೋವ್‌ಸ್ಕಿ ಮತ್ತು ಕ್ಯುಲ್ಜ್, ಇಬ್ಬರೂ ಬೇರೆ ಬೇರೆಯಾಗಿ.

ಡಿಕೆಎ ರೋಗಿಯ ರಕ್ತದಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ಕೊನೆಗೆ ಸಿಕ್ಕಿದ್ದು.

9
ಕರ್ನಾಟಕದ ಮೆಡಿಕಲ್ ಕಾಲೇಜುಗಳ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಮೊದಲ ವರ್ಷದವರು ಮಾಡುವ ರೋಥೆರಾ ಟೆಸ್ಟ್. ಪ್ರಣಾಳದಲ್ಲಿ ಒಂದಿಷ್ಟು ಮೂತ್ರ. ಇನ್ನು ಕರಗುವುದಿಲ್ಲ ಎನ್ನುವವರೆಗೆ ಅಮೋನಿಯಂ ಸಲ್ಫೇಟ್. ಸೋಡಿಯಂ ನೈಟ್ರೋಪ್ರುಸೈಡಿನ ಒಂದೆರಡು ಹರಳು, ಕುಲುಕು. ಆಮೇಲೆ ಪ್ರಣಾಳವನ್ನು ಓರೆಯಾಗಿ ಹಿಡಿದು ಗೋಡೆಯಗುಂಟ ಅಮೋನಿಯಾ ಇಳಿಸಬೇಕು. ಎರಡು ದ್ರವ ಕೂಡುವಲ್ಲಿ ನೇರಳೆ ಉಂಗುರ. ಅಮೋನಿಯಾದ ಘಾಟಿಗೆ ಮುಖ ತಿರುಗಿಸಿದವರು ಉಂಗುರ ಮೂಡುವ ಗಳಿಗೆ ತಪ್ಪಿಸಿಕೊಳ್ಳುತ್ತಾರೆ.

ಪರೀಕ್ಷೆ 1908ರದು. ಇಂದಿನ ಮೂತ್ರದ ಕೀಟೋನ್ ಸ್ಟ್ರಿಪ್ಪಿನಲ್ಲೂ ಅದೇ ನೈಟ್ರೋಪ್ರುಸೈಡ್.

10
ನೈಟ್ರೋಪ್ರುಸೈಡ್ ಅಸಿಟೋಅಸಿಟೇಟಿಗೆ ಬಣ್ಣ ಕೊಡುತ್ತದೆ. ಅಸಿಟೋನಿಗೆ ಸ್ವಲ್ಪ. ಬೀಟಾ ಹೈಡ್ರಾಕ್ಸಿಬ್ಯುಟಿರೇಟಿಗೆ ಇಲ್ಲವೇ ಇಲ್ಲ.

11
ರಾತ್ರಿ ಎಂಟು, ಚಿಕಿತ್ಸೆ ಶುರುವಾದಾಗ: ಮೂತ್ರದ ಕೀಟೋನ್ ಎರಡು ಪ್ಲಸ್. ರಕ್ತದ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ 6.4.

ರಾತ್ರಿ ಎರಡು: ಮೂತ್ರದ ಕೀಟೋನ್ ಮೂರು ಪ್ಲಸ್. ರಕ್ತದಲ್ಲಿ 3.3. ಪಿಎಚ್ 7.21. ಹುಡುಗ ಹೆಸರು ಹಿಡಿದು ಕರೆದರೆ ಕಣ್ಣು ಬಿಡುತ್ತಾನೆ.

ಮೂತ್ರದ ಪ್ರಕಾರ ಕಾಯಿಲೆ ಜೋರಾಗಿದೆ.

12
ಸರಿಯಿರುವಾಗ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಮತ್ತು ಅಸಿಟೋಅಸಿಟೇಟ್ ಹೆಚ್ಚುಕಡಿಮೆ ಸಮ. ಡಿಕೆಎಯಲ್ಲಿ ಒಂದಕ್ಕೆ ಮೂರು, ಕೆಲವರಲ್ಲಿ ಒಂದಕ್ಕೆ ಹತ್ತರವರೆಗೂ ಹೋಗುತ್ತದೆ. ಇನ್ಸುಲಿನ್ ಮತ್ತು ನೀರು ಸೇರಿದ ಮೇಲೆ ಮೊದಲನೆಯದು ಎರಡನೆಯದಾಗಿ ಬದಲಾಗುತ್ತದೆ. ಬಣ್ಣ ಕೊಡದ್ದು ಬಣ್ಣ ಕೊಡುವುದಾಗುತ್ತದೆ. ಸ್ಟ್ರಿಪ್ಪಿನ ಬಣ್ಣ ಗಾಢವಾಗುತ್ತದೆ, ರೋಗಿ ಚೇತರಿಸಿಕೊಳ್ಳುತ್ತಿರುತ್ತಾನೆ.

ಜೊತೆಗೆ, ಮೂತ್ರಕೋಶದಲ್ಲಿರುವುದು ಈಗಿನ ಗಳಿಗೆಯದಲ್ಲ. ಕಳೆದ ಗಂಟೆಗಳಲ್ಲಿ ಇಳಿದದ್ದೆಲ್ಲ ಅಲ್ಲಿ ಸೇರಿರುತ್ತದೆ.

13
ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗಾಳಿಗೆ ಕೆಡುತ್ತದೆ. ಕೆಟ್ಟ ಸ್ಟ್ರಿಪ್ ಕೀಟೋನ್ ಇದ್ದರೂ ಇಲ್ಲ ಎನ್ನುತ್ತದೆ. ಕ್ಯಾಪ್ಟೋಪ್ರಿಲ್ ಎಂಬ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇಲ್ಲದಿದ್ದರೂ ಇದೆ ಎನ್ನಬಹುದು.

14
ಒಂದೇ ಚಾರ್ಟಿನಲ್ಲಿ ಶುಗರ್ ಮಿಲಿಗ್ರಾಂ ಲೆಕ್ಕದಲ್ಲಿದೆ, ಕೀಟೋನ್ ಮಿಲಿಮೋಲ್ ಲೆಕ್ಕದಲ್ಲಿದೆ. ಶುಗರ್ 640. ಕೀಟೋನ್ 6.4. ಕೀಟೋನನ್ನೂ ಮಿಲಿಗ್ರಾಂಗೆ ತಂದರೆ ಸುಮಾರು 67 ಆಗುತ್ತದೆ. ಶುಗರನ್ನು ಮಿಲಿಮೋಲಿಗೆ ತಂದರೆ 35.5. ಅಂಕಿ ದೊಡ್ಡದಾಗಿರುವ ಕಡೆ ಕಣ್ಣು ಮೊದಲು ಹೋಗುತ್ತದೆ. ಬೆಳಿಗ್ಗೆ ರೌಂಡ್ಸಿಗೆ ಬಂದವರೆಲ್ಲ ಮೊದಲು ಓದಿದ್ದು ಶುಗರ್.

15
ಇನ್ಸುಲಿನ್ ಹಾಕುವ ಮುಂಚೆ, ಬರೀ ಸಲೈನ್ ಹೋದ ಮೊದಲ ಗಂಟೆಯಲ್ಲಿ, ಶುಗರ್ 640ರಿಂದ 560ಕ್ಕೆ ಇಳಿದಿತ್ತು. ನೀರು ಸೇರಿದರೆ ಸಕ್ಕರೆ ತೆಳುವಾಗುತ್ತದೆ, ಮೂತ್ರದಲ್ಲೂ ಹೋಗುತ್ತದೆ. ಆ ಗಂಟೆಯಲ್ಲಿ ಹುಳಿ ಹಾಗೆಯೇ ಇತ್ತು.

16
ಸಿರಿಂಜ್ ಪಂಪಿನಲ್ಲಿ 50 ಮಿಲಿಲೀಟರ್ ಸಲೈನ್, ಅದರಲ್ಲಿ 50 ಯೂನಿಟ್ ರೆಗ್ಯುಲರ್ ಇನ್ಸುಲಿನ್. ಸಿಸ್ಟರ್ ನಳಿಕೆ ಜೋಡಿಸಿ ಮೊದಲ 20 ಮಿಲಿಲೀಟರನ್ನು ಹರಿಸಿ ಚೆಲ್ಲಿದರು. ಹುಡುಗನ ಅಣ್ಣನಿಗೆ ಗಾಬರಿಯಾಯಿತು.

“ಔಷಧಿ ಯಾಕೆ ಸಿಸ್ಟರ್ ಚೆಲ್ತಿದೀರಾ?”

“ಪೈಪಿಗೆ ಅಂಟ್ಕೊಳತ್ತಪ್ಪ. ಮೊದಲು ಅದು ಕುಡೀಲಿ, ಆಮೇಲೆ ಇವನಿಗೆ.”

ಇನ್ಸುಲಿನ್ ಪ್ಲಾಸ್ಟಿಕ್ಕಿಗೆ ಅಂಟುತ್ತದೆ. ಹರಿಸದೆ ಜೋಡಿಸಿದರೆ ಪಂಪ್ ಹೋಗಿದೆ ಎನ್ನುವಷ್ಟು ಇನ್ಸುಲಿನ್ ಮೊದಮೊದಲು ರೋಗಿಗೆ ಹೋಗಿರುವುದಿಲ್ಲ.

17
ಇನ್ಸುಲಿನ್ ಬಾಟಲಿ ಮಿಲಿಲೀಟರಿಗೆ 40 ಯೂನಿಟ್ಟಿನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್ಟಿನದಕ್ಕೆ ಕಿತ್ತಳೆ ಮುಚ್ಚಳದ್ದು. 50 ಯೂನಿಟ್ ಎಂದರೆ ಒಂದರಲ್ಲಿ ಒಂದೂಕಾಲು ಮಿಲಿಲೀಟರ್, ಇನ್ನೊಂದರಲ್ಲಿ ಅರ್ಧ. ಇಬ್ಬರು ಸಿಸ್ಟರ್‌ಗಳು ಜೋರಾಗಿ ಓದಿ ಹೇಳಿಕೊಂಡೇ ಎಳೆದರು. ಹೀಗೆ ಓದಿ ಹೇಳಿಕೊಳ್ಳುವುದು ಎಷ್ಟು ಜೀವ ಉಳಿಸಿರಬಹುದೋ.

18
ಪ್ರಮಾಣ: ಕಿಲೋಗೆ 0.1 ಯೂನಿಟ್, ಗಂಟೆಗೆ. ಇವನಿಗೆ 4.8.

1970ರ ದಶಕದ ಆರಂಭದವರೆಗೆ ಇದೇ ಕಾಯಿಲೆಗೆ ನೂರಾರು ಯೂನಿಟ್ ಕೊಡುತ್ತಿದ್ದರು. 1973ರಲ್ಲಿ ಆಲ್ಬರ್ಟಿ, ಹಾಕಡೇ, ಟರ್ನರ್ ಎಂಬ ಇಂಗ್ಲೆಂಡಿನ ಮೂವರು ಸಣ್ಣ ಪ್ರಮಾಣವೇ ಸಾಕೆಂದು ಬರೆದರು. ಪೊಟ್ಯಾಸಿಯಂ ಕುಸಿಯುವುದು, ಶುಗರ್ ವಿಪರೀತ ಇಳಿಯುವುದು ಆಮೇಲೆ ಕಡಿಮೆಯಾಯಿತು.

19
1922ರ ಜನವರಿ 11, ಟೊರೊಂಟೊ. ಲಿಯೊನಾರ್ಡ್ ಥಾಂಪ್ಸನ್, ಹದಿನಾಲ್ಕು ವರ್ಷ, 65 ಪೌಂಡು. ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಮೇದೋಜೀರಕದ ಸಾರ, ಅಂದಿನ ಇನ್ಸುಲಿನ್, 15 ಮಿಲಿಲೀಟರ್. ರಕ್ತದ ಸಕ್ಕರೆ 440ರಿಂದ 320ಕ್ಕೆ ಬಂತು. ಮೂತ್ರದ ಕೀಟೋನ್ ಹೋಗಲಿಲ್ಲ. ಚುಚ್ಚಿದ ಕಡೆ ಬಾವು ಬಂತು. ನಿಲ್ಲಿಸಿದರು.

ಜನವರಿ 23. ಕಾಲಿಪ್ ಶುದ್ಧಮಾಡಿದ ಸಾರ. ಒಂದು ದಿನದಲ್ಲಿ ಸಕ್ಕರೆ 520ರಿಂದ 120ಕ್ಕೆ. ಕೀಟೋನ್ ಮಾಯವಾಯಿತು.

20
ಮೊದಲ ಚುಚ್ಚುಮದ್ದಿನ ದಿನ ಸಕ್ಕರೆಯನ್ನಷ್ಟೇ ನೋಡಿದ್ದರೆ ಅದು ಗೆಲುವಿನ ಹಾಗೆ ಕಾಣುತ್ತಿತ್ತು. ಅವರು ಎರಡನ್ನೂ ನೋಡಿದರು.

21
ಕೀಟೋನ್ ತಯಾರಾಗುವುದು ಲಿವರಿನಲ್ಲಿ. ಹೃದಯ, ಸ್ನಾಯು, ಮೂತ್ರಪಿಂಡ, ಮಿದುಳು ಅದನ್ನು ಉರಿಸಿಕೊಳ್ಳುತ್ತವೆ. ಲಿವರಿಗೆ ಮಾತ್ರ ಆಗುವುದಿಲ್ಲ. ಉರಿಸಲು ಬೇಕಾದ ಕಿಣ್ವ ಅದರಲ್ಲಿಲ್ಲ. ತಾನು ಮಾಡಿದ್ದನ್ನು ಪೂರ್ತಿ ಹೊರಗೆ ಕಳಿಸುತ್ತದೆ.

22
ಕೊಬ್ಬಿನ ಒಂದು ಅಣು ಒಡೆದರೆ ಮೂರು ಕೊಬ್ಬಿನಾಮ್ಲ, ಒಂದು ಗ್ಲಿಸರಾಲ್. ಕೊಬ್ಬಿನಾಮ್ಲವನ್ನು ಕೊಬ್ಬಿನ ಕೋಶ ಮತ್ತೆ ಕಟ್ಟಿಕೊಳ್ಳಬಲ್ಲದು. ಗ್ಲಿಸರಾಲನ್ನು ಮತ್ತೆ ಬಳಸುವ ಕಿಣ್ವ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗ್ಲಿಸರಾಲ್ ಹೊರಗೆ ಹೋಗಲೇಬೇಕು. ಹಾಗಾಗಿ ಎಷ್ಟು ಕೊಬ್ಬು ಒಡೆಯಿತು ಎಂದು ತಿಳಿಯಬೇಕಾದರೆ ಗ್ಲಿಸರಾಲ್ ಅಳೆಯುತ್ತಾರೆ.

23
ಕೊಬ್ಬು ಒಡೆಯುವುದನ್ನು ನಿಲ್ಲಿಸಲು ಬಹಳ ಕಡಿಮೆ ಇನ್ಸುಲಿನ್ ಸಾಕು. ಸ್ನಾಯುವಿಗೆ ಸಕ್ಕರೆ ಸೇರಿಸಲು ಅದಕ್ಕಿಂತ ಎಷ್ಟೋ ಹೆಚ್ಚು ಬೇಕು.

24
ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಜ್ಜ. ಶುಗರ್ 880. ಹುಡುಗನಿಗಿಂತ ಹೆಚ್ಚು. ಉಸಿರು ಶಾಂತವಾಗಿದೆ, ಪಿಎಚ್ 7.36, ಕೀಟೋನ್ ಇಲ್ಲವೆನ್ನುವಷ್ಟು. ಆದರೆ ಎಚ್ಚರವಿಲ್ಲ, ನಾಲಿಗೆ ಒಣಗಿ ಬಿರಿದಿದೆ. ಇದು ಎಚ್‌ಎಚ್‌ಎಸ್, ಡಯಾಬಿಟಿಸ್ಸಿನ ಇನ್ನೊಂದು ತುರ್ತು. ದೇಹದ ನೀರು ಇದರಲ್ಲಿ ಇನ್ನೂ ಹೆಚ್ಚು ಹೋಗಿರುತ್ತದೆ, ವಯಸ್ಕರಲ್ಲಿ ಒಂಬತ್ತು ಲೀಟರಿನಷ್ಟು. ಡಿಕೆಎಯಲ್ಲಿ ಆರರ ಸುಮಾರು.

ಅಜ್ಜನಲ್ಲಿ ಸ್ವಲ್ಪ ಇನ್ಸುಲಿನ್ ಇನ್ನೂ ಉಳಿದಿದೆ.

25
ಮೂರನೆಯ ಬಗೆಯೂ ಉಂಟು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕಿಸುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದು ಮಾಡುವ ಮಾತ್ರೆಗಳು. ಆದರೆ ಅಪರೂಪಕ್ಕೆ, ಉಪವಾಸದಲ್ಲೋ ಆಪರೇಷನ್ ಹೊತ್ತಿನಲ್ಲೋ, ಶುಗರ್ 200ರ ಆಸುಪಾಸಿನಲ್ಲಿದ್ದು ರಕ್ತ ಹುಳಿಯಾಗಿಬಿಡುತ್ತದೆ. ಅಮೆರಿಕದ ಎಫ್‌ಡಿಎ 2015ರ ಮೇ ತಿಂಗಳಲ್ಲಿ ಎಚ್ಚರಿಸಿತು. ಮೀಟರಿನಲ್ಲಿ 190 ನೋಡಿ ಮನೆಗೆ ಕಳಿಸಿದರೆ ತಪ್ಪಾಗುತ್ತದೆ. ವಾಂತಿ, ಸುಸ್ತು, ಏದುಸಿರು ಇದ್ದು ಇಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಶುಗರ್ ಎಷ್ಟೇ ಇರಲಿ, ಕೀಟೋನ್ ನೋಡಲೇಬೇಕು.

26
ಆರೋಗ್ಯವಾಗಿರುವವರು ರಾತ್ರಿ ಉಂಡು ಬೆಳಿಗ್ಗೆ ಪರೀಕ್ಷೆ ಮಾಡಿಸಿದರೆ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ 0.5ಕ್ಕಿಂತ ಕಡಿಮೆ. ವಾರಗಟ್ಟಲೆ ಬರೀ ನೀರಿನ ಮೇಲಿದ್ದರೆ 5, 6. ರಕ್ತವೂ ಹುಳಿಯಾಗಿದ್ದರೆ ಡಿಕೆಎ ಎನ್ನಲು 3 ಸಾಕು.

ವಾರಗಟ್ಟಲೆ ಉಪವಾಸವಿದ್ದವರು ಎದ್ದು ಓಡಾಡುತ್ತಿರುತ್ತಾರೆ.

27
ಬಾಸ್ಟನ್, 1967. ಓವೆನ್, ಕೇಹಿಲ್ ಮತ್ತು ಸಂಗಡಿಗರು ಐದಾರು ವಾರ ಉಪವಾಸವಿದ್ದ ಮೂವರ ಮಿದುಳಿಗೆ ಹೋಗುವ ರಕ್ತವನ್ನೂ ಮಿದುಳಿನಿಂದ ಹಿಂದಿರುಗುವ ರಕ್ತವನ್ನೂ ತೆಗೆದು ಹೋಲಿಸಿದರು. ಹೋಗುವಾಗ ಇದ್ದ ಕೀಟೋನ್ ಬರುವಾಗ ಕಡಿಮೆಯಾಗಿತ್ತು. ಮಿದುಳು ಬಹುಪಾಲು ಅದರಲ್ಲೇ ನಡೆಯುತ್ತಿತ್ತು. ಮಿದುಳಿಗೆ ಸಕ್ಕರೆಯೊಂದೇ ಆಹಾರ ಎಂದು ಪುಸ್ತಕಗಳು ಹೇಳುತ್ತಿದ್ದ ಕಾಲವದು.

ಒಂದು ಅಂಗ ಏನು ತಿನ್ನುತ್ತದೆಂದು ತಿಳಿಯುವ ಹಳೆಯ ದಾರಿ ಇದು: ಒಳಗೆ ಹೋದದ್ದು, ಹೊರಗೆ ಬಂದದ್ದು.

28
ಹೊಸ ದಾರಿ ಒಂದು ನಳಿಕೆ. ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯ ಉರ್ಬನ್ ಉಂಗರ್‌ಸ್ಟೆಟ್ 1970ರ ದಶಕದಲ್ಲಿ ಇಲಿಯ ಮಿದುಳಿಗೆಂದು ಮಾಡಿದ್ದು. ಮೈಕ್ರೋಡಯಾಲಿಸಿಸ್. ಆಮೇಲೆ ಮನುಷ್ಯರಿಗೂ ಬಂತು. ತಲೆಗೆ ಪೆಟ್ಟಾದವರ ಮಿದುಳಿನಲ್ಲಿ ಇಡುತ್ತಾರೆ, ಹೊಟ್ಟೆಯ ಚರ್ಮದಡಿಯ ಕೊಬ್ಬಿನಲ್ಲೂ ಇಡುತ್ತಾರೆ.

ಚರ್ಮದಡಿಗೆ ಇಡುವ ನಳಿಕೆಯ ದಪ್ಪ 0.6 ಮಿಲಿಮೀಟರ್. ತುದಿಯ 30 ಮಿಲಿಮೀಟರ್ ಮಾತ್ರ ಜರಡಿಯಂಥ ಪೊರೆ. ಅದರ ಒಳಗೊಂದು ಇನ್ನೂ ಸಣ್ಣ ನಳಿಕೆ. ಪುಟ್ಟ ಪಂಪ್ ಉಪ್ಪುನೀರಿನ ದ್ರಾವಣವನ್ನು ತಳ್ಳುತ್ತದೆ. ದ್ರಾವಣ ಪೊರೆಯಗುಂಟ ಹರಿಯುವಾಗ ಕೊಬ್ಬಿನ ಕೋಶಗಳ ನಡುವಿನ ನೀರಿನಿಂದ ಗ್ಲೂಕೋಸ್, ಲ್ಯಾಕ್ಟೇಟ್, ಪೈರುವೇಟ್, ಗ್ಲಿಸರಾಲ್ ಅದರೊಳಕ್ಕೆ ದಾಟಿಕೊಳ್ಳುತ್ತವೆ. ದೊಡ್ಡ ಪ್ರೋಟೀನ್‌ಗಳು ದಾಟುವುದಿಲ್ಲ. ರಕ್ತ ತೆಗೆಯುವುದೇ ಇಲ್ಲ.

ತುದಿಯಲ್ಲೊಂದು ಸೀಸೆ, ಕಡಲೆಕಾಳಿನಷ್ಟೂ ಹಿಡಿಸದ್ದು. ಗಂಟೆಗೊಮ್ಮೆ ತೆಗೆದು ಇನ್ನೊಂದನ್ನು ಹಾಕಬೇಕು.

29
ಪಂಪಿನ ವೇಗ ನಿಮಿಷಕ್ಕೆ 0.3 ಮೈಕ್ರೋಲೀಟರ್. ಗಂಟೆಗೆ 18. ಡ್ರಿಪ್ ಸೆಟ್ಟಿನ ಒಂದು ಹನಿ 50 ಮೈಕ್ರೋಲೀಟರ್. ಎಂದರೆ ಗಂಟೆಯೆಲ್ಲ ಕಾದರೆ ಮೂರನೇ ಒಂದು ಹನಿ.

ಚಿಕಿತ್ಸೆಯ ಮೊದಲ ಗಂಟೆಯಲ್ಲಿ ಹುಡುಗನ ರಕ್ತನಾಳಕ್ಕೆ ಹೋದದ್ದು ಒಂದು ಲೀಟರ್ ಸಲೈನ್.

30
ನಿಧಾನ ಬೇಕೆಂದೇ ಇಟ್ಟದ್ದು. ಬೇಗ ಹರಿದರೆ ಅಣುಗಳಿಗೆ ದಾಟಲು ಪುರಸೊತ್ತು ಸಿಗುವುದಿಲ್ಲ, ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ. ನಿಧಾನವಾದರೆ ಅಂಕಿ ನಿಜಕ್ಕೆ ಹತ್ತಿರ, ಆದರೆ ಕೈಗೆ ಸಿಗುವಾಗ ಹಳೆಯದು. ಸೀಸೆಯಲ್ಲಿರುವುದು ಈಗಿನದೂ ಅಲ್ಲ, ಒಂದು ಗಳಿಗೆಯದೂ ಅಲ್ಲ. ಕಳೆದ ಗಂಟೆಯ ಒಟ್ಟು.

ನಳಿಕೆ ಚುಚ್ಚಿದ ಗಾಯ ತಾನೇ ಅಂಕಿ ಕೆಡಿಸುತ್ತದೆ. ಮೊದಲ ಸೀಸೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

31
ಡಿಕೆಎ ಚಿಕಿತ್ಸೆಯ ಹೊತ್ತಿನಲ್ಲಿ ಈ ನಳಿಕೆಯನ್ನು ಕೊಬ್ಬಿನಲ್ಲಿ ಇಟ್ಟವರು ಕೇಳುವುದು ಇಷ್ಟು: ಇನ್ಸುಲಿನ್ ಶುರುವಾದ ಮೇಲೆ ಗ್ಲಿಸರಾಲ್ ಯಾವಾಗ ಇಳಿಯುತ್ತದೆ? ರಕ್ತದ ಸಕ್ಕರೆ ಇಳಿಯುವಾಗ ಕೊಬ್ಬಿನೊಳಗಿನ ಸಕ್ಕರೆಯೂ ಇಳಿಯುತ್ತದೆಯೇ? ಲ್ಯಾಕ್ಟೇಟ್ ಏರುವುದು ಆಮ್ಲಜನಕ ಸಾಲದೆಯೋ, ಸಕ್ಕರೆ ಬಳಕೆ ಚುರುಕಾಗಿಯೋ? ಕೊನೆಯದಕ್ಕೆ ಲ್ಯಾಕ್ಟೇಟನ್ನು ಪೈರುವೇಟಿನಿಂದ ಭಾಗಿಸುತ್ತಾರೆ. ಎರಡೂ ಒಟ್ಟಿಗೆ ಏರಿದರೆ ಒಂದು ಅರ್ಥ. ಲ್ಯಾಕ್ಟೇಟ್ ಏರಿ ಪೈರುವೇಟ್ ಬಿದ್ದರೆ ಬೇರೆ ಅರ್ಥ.

ಈ ಪ್ರಶ್ನೆಗಳನ್ನು ರಕ್ತಕ್ಕೆ ಕೇಳಿದರೆ ಉತ್ತರ ಬರುವುದು ಎಲ್ಲ ಅಂಗಗಳಿಂದಲೂ ಒಟ್ಟಾಗಿ.

32
ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ಅಳೆಯುವುದೂ ರಕ್ತವನ್ನಲ್ಲ, ಚರ್ಮದಡಿಯ ಇದೇ ನೀರನ್ನು. ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಮೈ ನೀರು ಬತ್ತಿ ಕೈಕಾಲು ತಣ್ಣಗಾದಾಗ ಇನ್ನೂ ಹಿಂದೆ. ಡಿಕೆಎ ರೋಗಿಯಲ್ಲಿ ಅದೊಂದನ್ನೇ ನಂಬಬೇಡಿ ಎನ್ನುತ್ತಾರೆ. ಬೆರಳಿನ ರಕ್ತವೂ ಆಗ ಅಷ್ಟು ನಂಬಿಕೆಯದಲ್ಲ.

33
ಕ್ರಿಯಾಟಿನಿನ್ 2.1. ಕಿಡ್ನಿ ಹೋಯಿತೇ ಎಂದು ಅಣ್ಣ ಕೇಳಿದ. ಮಾರನೆಯ ದಿನ 0.9. ಬತ್ತಿದ ಮೈಗೆ ನೀರು ಸೇರಿದ್ದು ಒಂದು ಕಾರಣ. ಇನ್ನೊಂದು: ಕ್ರಿಯಾಟಿನಿನ್ ಅಳೆಯುವ ಜಾಫೆ ವಿಧಾನದಲ್ಲಿ ಅಸಿಟೋಅಸಿಟೇಟ್ ಕೂಡ ಅದೇ ಬಣ್ಣ ಕೊಡುತ್ತದೆ. ಯಂತ್ರಕ್ಕೆ ಎರಡರ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ.

34
ಸೋಡಿಯಂ 128, ಕಡಿಮೆ. ಶುಗರ್ ಹೆಚ್ಚಿರುವುದರಿಂದ ಕೋಶಗಳ ನೀರು ರಕ್ತಕ್ಕೆ ಬಂದು ಸೋಡಿಯಂ ತೆಳುವಾಗಿ ಕಾಣುತ್ತದೆ. 100 ಮೀರಿದ ಪ್ರತಿ ನೂರಕ್ಕೆ 1.6 ಕೂಡಿಸಬೇಕು. ಕೂಡಿಸಿದರೆ 137. ಅಮೈಲೇಸ್ ಏರಿದೆ, ಮೇದೋಜೀರಕಕ್ಕೆ ಊತವಿಲ್ಲ. ಬಿಳಿ ರಕ್ತಕಣ ಏರಿದೆ, ಸೋಂಕಿಲ್ಲದೆಯೂ ಏರುತ್ತದೆ.

35
ಪೊಟ್ಯಾಸಿಯಂ. ಬಂದಾಗ 5.6, ಹೆಚ್ಚು. ಮೈಯಲ್ಲಿ ಮಾತ್ರ ಕಡಿಮೆ. ದೇಹದ ಪೊಟ್ಯಾಸಿಯಮ್ಮಿನಲ್ಲಿ ನೂರಕ್ಕೆ 98 ಪಾಲು ಕೋಶಗಳ ಒಳಗೆ. ಅಲ್ಲಿಂದ ಹೊರಬಂದು ಮೂತ್ರದಲ್ಲಿ ಹೋಗುತ್ತಿರುವುದು ದಾರಿಯಲ್ಲಿ ರಕ್ತದಲ್ಲಿ ಕಾಣುತ್ತದೆ. ಕಿಲೋಗೆ 3ರಿಂದ 5 ಮಿಲಿಈಕ್ವಿವೆಲೆಂಟ್ ಕಳೆದುಹೋಗಿರುತ್ತದೆ.

ಇನ್ಸುಲಿನ್ ಅದನ್ನು ಮತ್ತೆ ಒಳಗೆ ತಳ್ಳುತ್ತದೆ. ನಾಲ್ಕನೆಯ ಗಂಟೆಗೆ 3.7. ಸಲೈನ್ ಬಾಟಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದರು.

36
1946ರಲ್ಲಿ ಹಾಲರ್ ಎಂಬ ಅಮೆರಿಕದ ವೈದ್ಯರು ಒಬ್ಬ ರೋಗಿಯ ಬಗ್ಗೆ ಬರೆದರು. ಚಿಕಿತ್ಸೆಯಿಂದ ಹುಳಿ ಇಳಿಯುತ್ತಿತ್ತು, ಅದೇ ಹೊತ್ತಿಗೆ ಉಸಿರಾಟದ ಸ್ನಾಯುಗಳು ಸೋತವು. ಪೊಟ್ಯಾಸಿಯಂ ಕೊಟ್ಟರು. ರೋಗಿ ಉಳಿದರು.

ಇನ್ಸುಲಿನ್ ಬಂದು ಆಗಲೇ 24 ವರ್ಷ ಕಳೆದಿತ್ತು. ಆ ವರ್ಷಗಳಲ್ಲಿ ಸಕ್ಕರೆ ಇಳಿಯುತ್ತಿದ್ದಾಗಲೇ ತೀರಿಕೊಂಡವರ ಚಾರ್ಟುಗಳಲ್ಲಿ ಈ ಕಾಲಂ ಇದ್ದಿರಲಾರದು.

37
ರಾತ್ರಿ ಎರಡಕ್ಕೆ ಶುಗರ್ 240. ಸಿಸ್ಟರ್ ಗ್ಲೂಕೋಸ್ ಬಾಟಲಿ ಏರಿಸಿದರು. ತಾಯಿ ಎದ್ದು ನಿಂತರು.

“ಶುಗರ್ ಇರೋ ಹುಡುಗನಿಗೆ ಗ್ಲೂಕೋಸ್ ಹಾಕ್ತಿದೀರಲ್ಲಮ್ಮ!”

“ಇನ್ಸುಲಿನ್ ನಿಲ್ಲಿಸೋ ಹಾಗಿಲ್ಲ ಅಮ್ಮ. ಶುಗರ್ ತುಂಬ ಇಳಿದುಬಿಡಬಾರದಲ್ಲ, ಅದಕ್ಕೆ.”

“ಶುಗರ್ ಇಳೀತಲ್ಲ, ಮತ್ತೆ ಇನ್ಸುಲಿನ್ ಯಾಕೆ?”

“ಕೀಟೋನ್ ಇನ್ನೂ ಹೋಗಿಲ್ಲ.”

ತಾಯಿ ಕೂತರು. ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ.

38
500 ಮಿಲಿಲೀಟರ್, ಐದು ಪರ್ಸೆಂಟ್: 25 ಗ್ರಾಂ ಗ್ಲೂಕೋಸ್. ಒಂದು ಕೈಗೆ ಗ್ಲೂಕೋಸ್, ಅದೇ ಕೈಗೆ ಇನ್ಸುಲಿನ್.

39
ಬ್ರಿಟನ್ನಿನ ವೈದ್ಯರು ಇಟ್ಟುಕೊಂಡ ಗುರಿ: ರಕ್ತದ ಕೀಟೋನ್ ಗಂಟೆಗೆ 0.5 ಇಳಿಯಬೇಕು. ಕೀಟೋನ್ ಅಳೆಯಲಾಗದಿದ್ದರೆ ಬೈಕಾರ್ಬೊನೇಟ್ ಗಂಟೆಗೆ 3 ಏರಬೇಕು, ಶುಗರ್ ಗಂಟೆಗೆ 3 ಮಿಲಿಮೋಲ್ ಇಳಿಯಬೇಕು. ಹುಡುಗನದು ಆರು ಗಂಟೆಗೆ 3.1. ಸರಿಯಾಗಿದೆ.

40
ಮಕ್ಕಳಲ್ಲಿ ಮಿದುಳಿನ ಊತ. ಡಿಕೆಎ ಆದ ನೂರು ಮಕ್ಕಳಲ್ಲಿ ಒಂದಕ್ಕೆ, ಅಥವಾ ಅದಕ್ಕೂ ಕಡಿಮೆ. ಹೆಚ್ಚಾಗಿ ಚಿಕಿತ್ಸೆ ಶುರುವಾಗಿ ಕೆಲವು ಗಂಟೆಗಳಾದ ಮೇಲೆ, ಅಂಕಿಗಳೆಲ್ಲ ಸರಿದಾರಿಗೆ ಬರುತ್ತಿರುವಾಗ. ತಲೆನೋವು, ನಾಡಿ ನಿಧಾನ, ಮಾತು ತಡವರಿಕೆ.

ಡ್ರಿಪ್ ಬೇಗ ಬಿಟ್ಟದ್ದರಿಂದ ಊತ ಬರುತ್ತದೆಂದು ಬಹಳ ಕಾಲ ನಂಬಿದ್ದರು. ಅಮೆರಿಕದ 13 ಆಸ್ಪತ್ರೆಗಳಲ್ಲಿ 1,389 ಡಿಕೆಎ ಪ್ರಸಂಗಗಳಲ್ಲಿ ಬೇಗ ಬಿಟ್ಟೂ ನಿಧಾನ ಬಿಟ್ಟೂ ನೋಡಿದರು. 2018ರಲ್ಲಿ ಪ್ರಕಟವಾಯಿತು. ವ್ಯತ್ಯಾಸ ಕಾಣಲಿಲ್ಲ.

41
ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ವೈದ್ಯರು ಡಿಕೆಎ ಮಕ್ಕಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಮಿದುಳಿನ ಅಣುಗಳ ಸಂಕೇತ ಓದಿದರು. ಚುಚ್ಚುವುದಿಲ್ಲ, ಹನಿ ತೆಗೆಯುವುದಿಲ್ಲ. 2005ರ ಅವರ ವರದಿಯಲ್ಲಿ ಮಿದುಳಿನೊಳಗೆ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಅಸಿಟೋಅಸಿಟೇಟ್, ಲ್ಯಾಕ್ಟೇಟ್ ಮೂರೂ ಇವೆ.

ಊತವಿಲ್ಲದ, ಮಾತಾಡುತ್ತಿದ್ದ ಮಕ್ಕಳಲ್ಲೂ ನರಕೋಶದ ಆರೋಗ್ಯ ಸೂಚಿಸುವ ಎನ್‌ಎಎ ಎಂಬ ಅಣುವಿನ ಮಟ್ಟ ಚಿಕಿತ್ಸೆಯ ಹೊತ್ತಿನಲ್ಲಿ ಕಡಿಮೆಯಿತ್ತು. ಗುಣವಾದ ಮೇಲೆ ಏರಿತು. ಹಾಸಿಗೆಯ ಪಕ್ಕದಲ್ಲಿ ನಿಂತವರಿಗೆ ಇದು ಕಾಣುವಂಥದ್ದಲ್ಲ.

42
ಮಾರನೆಯ ಮಧ್ಯಾಹ್ನ. ಕೀಟೋನ್ 0.4. ಬೈಕಾರ್ಬೊನೇಟ್ ಇನ್ನೂ 16, ಪೂರ್ತಿ ಏರಿಲ್ಲ. ಕ್ಲೋರೈಡ್ 114. ಈಗ ಉಳಿದ ಹುಳಿ ಕೀಟೋನಿನದಲ್ಲ, ಸಲೈನಿನ ಕ್ಲೋರೈಡಿನದು. ಮೂತ್ರಪಿಂಡ ಒಂದೆರಡು ದಿನದಲ್ಲಿ ಸರಿಮಾಡಿಕೊಳ್ಳುತ್ತದೆ. ಬೈಕಾರ್ಬೊನೇಟ್ ಒಂದನ್ನೇ ನೋಡಿದರೆ ಡಿಕೆಎ ಮುಗಿದಿಲ್ಲ ಎನಿಸುತ್ತದೆ.

ಬಾಯಿಯ ವಾಸನೆಯೂ ಹೋಗಿಲ್ಲ. ಅಸಿಟೋನ್ ನಿಧಾನವಾಗಿ ಹೊರಬೀಳುತ್ತದೆ, ಒಂದು ದಿನಕ್ಕೂ ಹೆಚ್ಚು.

43
ರಕ್ತನಾಳಕ್ಕೆ ಹೋದ ಇನ್ಸುಲಿನ್ ಕೆಲವೇ ನಿಮಿಷಗಳಲ್ಲಿ ಅರ್ಧವಾಗುತ್ತದೆ. ಪಂಪ್ ನಿಲ್ಲಿಸುವ ಒಂದೆರಡು ಗಂಟೆ ಮೊದಲೇ ಚರ್ಮದಡಿ ಇನ್ಸುಲಿನ್ ಕೊಟ್ಟಿರಬೇಕು. ಕೊಡದೆ ನಿಲ್ಲಿಸಿದರೆ ಕೊಬ್ಬು ಮತ್ತೆ ಒಡೆಯಲು ಶುರು.

ಹುಡುಗನಿಗೆ ಒಂದೂವರೆಗೆ ಚುಚ್ಚಿದರು, ಗಂಜಿ ಕೊಟ್ಟರು. ಮೂರೂವರೆಗೆ ಪಂಪ್ ತೆಗೆದರು.

44
ಡಿಸ್ಚಾರ್ಜ್ ದಿನ ಡ್ಯೂಟಿ ಡಾಕ್ಟರ್ ತಾಯಿಯನ್ನು ಕೂರಿಸಿಕೊಂಡು ಹೇಳಿದರು. “ಊಟ ಬಿಟ್ಟರೂ ಇನ್ಸುಲಿನ್ ಪೂರ್ತಿ ಬಿಡಬೇಡಿ ಅಮ್ಮ. ಜ್ವರ ಬಂದಾಗ ಮೈಗೆ ಇನ್ನೂ ಜಾಸ್ತಿ ಬೇಕಾಗುತ್ತೆ. ಎಷ್ಟು ಅಂತ ನಮಗೆ ಫೋನ್ ಮಾಡಿ ಕೇಳಿ. ನೀರು ಕುಡಿಸ್ತಾ ಇರಿ. ಕೀಟೋನ್ ನೋಡಿ. ವಾಂತಿ ನಿಲ್ಲದಿದ್ದರೆ ಕಾಯಬೇಡಿ, ಬಂದುಬಿಡಿ.” ತಾಯಿ ಇನ್ನೊಮ್ಮೆ ಹೇಳಿಸಿಕೊಂಡರು. ಅಣ್ಣ ಫೋನಿನಲ್ಲಿ ಬರೆದುಕೊಂಡ.

45
ಚೀಟಿಯಲ್ಲಿ ಐದು ಸಾಲು. ಇನ್ಸುಲಿನ್ ಎರಡು ಬಗೆ, ಸಿರಿಂಜ್, ಶುಗರ್ ಸ್ಟ್ರಿಪ್, ಕೀಟೋನ್ ಸ್ಟ್ರಿಪ್. ಕೆಳಗಿನ ಔಷಧಿ ಅಂಗಡಿಯಲ್ಲಿ ನಾಲ್ಕು ಸಿಕ್ಕವು. ಐದನೆಯದನ್ನು ತರಿಸಬೇಕು, ನಾಳೆ ಬನ್ನಿ ಎಂದರು. ಊರಿಗೆ ಹೋಗುವ ಬಸ್ಸು ನಾಲ್ಕಕ್ಕೆ. ಅಣ್ಣ ಇನ್ನೊಂದು ಅಂಗಡಿ ಎಲ್ಲಿದೆಯೆಂದು ಕೇಳಿದ.